ಬೆಂಗಳೂರಿನ ನಗರವೃಕ್ಷಗಳು: ನೀತಿ ಮತ್ತು ಜನಬೆಂಬಲ

ನಗರವೃಕ್ಷ ಎಂದರೆ ನಗರಾಡಳಿತದ ಎಲ್ಲೆಯೊಳಗೆ ರಸ್ತೆಬದಿ, ಉದ್ಯಾನ, ಕೆರೆಯಂಚು, ಶಾಲೆ–ಕಚೇರಿಗಳ ಆವರಣ, ಸ್ಮಶಾನ, ಅಶ್ವತ್ಥಕಟ್ಟೆ ಹಾಗೂ ಖಾಸಗಿ ನಿವೇಶನಗಳಲ್ಲಿ ಬೆಳೆದಿರುವ ಮರ. ಇಂಥ ಮರಗಳನ್ನು ನೆಡುವುದು, ಪಾಲಿಸುವುದು, ಎಣಿಸುವುದು, ಸವರುವುದು, ಅನಿವಾರ್ಯವಾದಾಗ ಕಡಿಯುವುದು ಇವೆಲ್ಲಕ್ಕೂ ಸಂಬಂಧಿಸಿದ ಕಾನೂನು, ನಿಯಮ ಮತ್ತು ಆಡಳಿತ ಪದ್ಧತಿಗಳನ್ನು ಒಟ್ಟಾಗಿ ನಗರವೃಕ್ಷ ನೀತಿ ಎನ್ನುತ್ತಾರೆ. ಭಾರತದ ನಗರಗಳಲ್ಲಿ ಈ ನೀತಿಯ ಬೆಳವಣಿಗೆಯನ್ನೂ ಅದರ ಕೊರತೆಗಳನ್ನೂ ಬೆಂಗಳೂರಿನಷ್ಟು ಸ್ಪಷ್ಟವಾಗಿ ತೋರಿಸುವ ಊರುಗಳು ಕಡಿಮೆ. ಇಲ್ಲಿನ ಕಾನೂನು ಮುಖ್ಯವಾಗಿ ಮರ ಕಡಿಯುವ ಗಳಿಗೆಯನ್ನು ನಿಯಂತ್ರಿಸುತ್ತದೆ. ಮರ ಬದುಕಿರುವ ದಶಕಗಳ ಪಾಲನೆಯ ಬಗ್ಗೆ ಅದು ಹೇಳುವುದು ಸ್ವಲ್ಪ. ಜನಬೆಂಬಲವೂ ಬಹುಪಾಲು ಗರಗಸ ಬಂದ ದಿನವೇ ಪ್ರಕಟವಾಗಿದೆ. ನೀತಿ ಸುಧಾರಣೆಯ ಚರ್ಚೆಗಳೆಲ್ಲ ಈ ಎರಡು ಸಂಗತಿಗಳ ಸುತ್ತ ನಡೆದಿವೆ.

ಈ ಲೇಖನದಲ್ಲಿ ಮರದ ಕೊಂಬೆ–ಎಲೆಗಳು ಮೇಲಿನಿಂದ ನೋಡಿದಾಗ ಮುಚ್ಚುವ ನೆಲದ ಹರವನ್ನು ‘ಹಂದರ’ ಎಂದೂ, ಬುಡದ ಸುತ್ತ ನೀರಿಳಿಯಲು ಬಿಟ್ಟ ತೆರೆದ ಮಣ್ಣನ್ನು ‘ಪಾತಿ’ ಎಂದೂ, ಕೊಂಬೆಗಳನ್ನು ಕ್ರಮವರಿತು ಕತ್ತರಿಸುವುದನ್ನು ‘ಸವರುವಿಕೆ’ ಎಂದೂ ಕರೆಯಲಾಗಿದೆ.

ಹಿನ್ನೆಲೆ

ಬೆಂಗಳೂರು ನೆಲೆನಿಂತ ಪ್ರಸ್ಥಭೂಮಿ ಮೂಲತಃ ದಟ್ಟಕಾಡಿನ ಪ್ರದೇಶವಲ್ಲ. ಕುರುಚಲು ಗಿಡ, ಬಯಲು, ಕೆರೆ ಮತ್ತು ಹೊಲಗಳ ನಾಡು. ಮರಗಳು ಹೆಚ್ಚಾಗಿ ಜನರ ಕೈಯಿಂದಲೇ ಬಂದವು. ಹಳ್ಳಿಯ ಸಮುದಾಯಗಳು ಹಲಸು, ಮಾವು, ನೇರಳೆ, ಹುಣಸೆ, ಹಿಪ್ಪೆ ಮರಗಳ ಗುಂಡುತೋಪುಗಳನ್ನು ಬೆಳೆಸಿದ್ದವು. ಊರಬಾಗಿಲಲ್ಲಿ ಅರಳಿ–ಬೇವಿನ ಕಟ್ಟೆ, ದಾರಿಬದಿಯಲ್ಲಿ ಆಲದ ಸಾಲು ಇರುತ್ತಿದ್ದವು. ನಗರ ಬೆಳೆದಂತೆ ಹಲವು ಗುಂಡುತೋಪುಗಳು ಬಡಾವಣೆ, ಬಸ್ ನಿಲ್ದಾಣ, ಸರ್ಕಾರಿ ಕಟ್ಟಡಗಳಿಗೆ ಜಾಗ ಬಿಟ್ಟುಕೊಟ್ಟವು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು ಉಳಿದುಕೊಂಡಿತು. 2007ರಲ್ಲಿ ಅದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು.

ಯೋಜಿತ ತೋಟಗಾರಿಕೆಯ ಆರಂಭ 1760ರ ಸುಮಾರಿಗೆ ಹೈದರ್ ಅಲಿ ಲಾಲ್‌ಬಾಗ್ ತೋಟವನ್ನು ಹಾಕಿಸಿದಾಗ. ಟಿಪ್ಪು ಸುಲ್ತಾನ್ ಹೊರನಾಡುಗಳಿಂದ ಗಿಡ–ಬೀಜ ತರಿಸಿ ಅದನ್ನು ವಿಸ್ತರಿಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ದಂಡು ಪ್ರದೇಶದ ಅಗಲವಾದ ರಸ್ತೆಗಳಲ್ಲಿ ಸಾಲುಮರಗಳು ಬಂದವು. 1870ರಲ್ಲಿ ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ ಕಬ್ಬನ್ ಉದ್ಯಾನ ರೂಪುಗೊಂಡಿತು. 1874ರಿಂದ ಲಾಲ್‌ಬಾಗ್‌ನ ಹೊಣೆ ಹೊತ್ತ ಜಾನ್ ಕ್ಯಾಮರಾನ್ ಅನೇಕ ಹೊರದೇಶದ ಮರಗಳನ್ನು ಇಲ್ಲಿನ ಮಣ್ಣಿಗೆ ಒಗ್ಗಿಸಿದರು. 1908ರಲ್ಲಿ ಅವರ ಜಾಗಕ್ಕೆ ಬಂದ ಜರ್ಮನ್ ಸಸ್ಯತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ವರ್ಷವಿಡೀ ಒಂದಿಲ್ಲೊಂದು ರಸ್ತೆ ಹೂವಿನಲ್ಲಿರುವಂತೆ ಮರಗಳನ್ನು ಆರಿಸಿ ನೆಡುವ ಸರಣಿ ಹೂಬಿಡುವಿಕೆಯ ಕಲ್ಪನೆಯನ್ನು ಜಾರಿಗೆ ತಂದರು. ಇಂದಿಗೂ ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ತಬೂಬಿಯ, ಅದರ ಬೆನ್ನಿಗೆ ನೀಲಿ ಜಕರಾಂಡ, ಏಪ್ರಿಲ್–ಮೇನಲ್ಲಿ ಗುಲ್‌ಮೊಹರ್ ಮತ್ತು ಹಳದಿ ಪೆಲ್ಟೋಫೋರಂ, ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ ಅರಳುವುದು ಆ ಕಲ್ಪನೆಯ ಫಲ. ಅವರ ನಂತರ ಎಚ್.ಸಿ. ಜವರಾಯ ಮತ್ತು ಎಂ.ಎಚ್. ಮರಿಗೌಡ ಈ ಪರಂಪರೆಯನ್ನು ಮುಂದುವರಿಸಿದರು.

ನಗರದ ಹಸಿರಿಗೆ ಎರಡನೆಯ ದೊಡ್ಡ ಕಸುವು ಬಂದದ್ದು 1980ರ ದಶಕದಲ್ಲಿ. ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರ ಅವಧಿಯಲ್ಲಿ ಅರಣ್ಯ ಇಲಾಖೆ ನಗರ ಹಸಿರೀಕರಣದ ಹೊಣೆ ವಹಿಸಿಕೊಂಡಿತು. ಅದರ ಸೂತ್ರ ಹಿಡಿದ ಅಧಿಕಾರಿ ಎಸ್.ಜಿ. ನೇಗಿನಹಾಳ. ಆ ದಶಕದಲ್ಲಿ ಅವರ ಉಸ್ತುವಾರಿಯಲ್ಲಿ ನೆಟ್ಟ ಸಸಿಗಳ ಸಂಖ್ಯೆ ಸುಮಾರು 15 ಲಕ್ಷ. ಎಳೆಯ ಸಸಿಗಳ ಬದಲು ಎತ್ತರಕ್ಕೆ ಬೆಳೆದ ಸಸಿಗಳನ್ನು ನೆಟ್ಟು, ಕಾವಲು ಬೇಲಿ ಕಟ್ಟಿ, ಎದುರು ಮನೆಯವರ ಸಹಕಾರ ಪಡೆದದ್ದು ಈ ಕಾರ್ಯಕ್ರಮದ ವೈಶಿಷ್ಟ್ಯ. ನೆಟ್ಟ ಸಂಖ್ಯೆಗಿಂತ ಈ ಪದ್ಧತಿಯೇ ಹೆಚ್ಚು ಮಹತ್ವದ್ದು. ಜನರನ್ನು ಪಾಲನೆಯಲ್ಲಿ ತೊಡಗಿಸಿಕೊಂಡ ನೀತಿಗೆ ಬೆಂಗಳೂರಿನಲ್ಲಿ ಸಿಗುವ ಅತ್ಯಂತ ದೊಡ್ಡ ಉದಾಹರಣೆ ಇದು. ನೇಗಿನಹಾಳ 2021ರಲ್ಲಿ ತೀರಿಕೊಂಡರು.

ನೆಲೆ ಮತ್ತು ಬಗೆ

ನಗರವೃಕ್ಷಗಳನ್ನು ಅವು ನಿಂತ ನೆಲದ ಒಡೆತನದ ಆಧಾರದ ಮೇಲೆ ರಸ್ತೆಬದಿಯವು, ಉದ್ಯಾನದವು, ಸಂಸ್ಥೆಗಳ ಆವರಣದವು, ಖಾಸಗಿ ನಿವೇಶನದವು ಎಂದು ವಿಂಗಡಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆ, ರೈಲ್ವೆ ವಸಾಹತುಗಳು, ಸೇನೆಯ ನೆಲ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ ಇವು ನಗರದ ದೊಡ್ಡ ಹಸಿರು ನೆಲೆಗಳು. ಇವುಗಳಲ್ಲಿ ಹಲವು ನಗರಾಡಳಿತದ ನೇರ ಹಿಡಿತದಲ್ಲಿಲ್ಲ.

ಜಾತಿಯ ದೃಷ್ಟಿಯಿಂದ ಹೊಂಗೆ, ಬೇವು, ಅರಳಿ, ಆಲ, ಅತ್ತಿ, ನೇರಳೆ, ಹೊಳೆಮತ್ತಿ, ಹೊಳೆದಾಸವಾಳ, ಸಂಪಿಗೆ, ಕಕ್ಕೆ ಇವು ದೇಶೀಯ ಮರಗಳು. ಮಳೆಮರ, ಗುಲ್‌ಮೊಹರ್, ಜಕರಾಂಡ, ತಬೂಬಿಯ, ನೀರುಕಾಯಿ ಮರ, ಸಿಲ್ವರ್ ಓಕ್, ಮಹಾಗನಿ ಹೊರಗಿನಿಂದ ಬಂದವು. ಗುಲ್‌ಮೊಹರ್ ಮತ್ತು ನೀರುಕಾಯಿ ಮರದ ಕಟ್ಟಿಗೆ ಮೆದುವಾದ್ದರಿಂದ ಮುಂಗಾರು ಪೂರ್ವದ ಬಿರುಗಾಳಿಗೆ ಬೇಗ ಮುರಿಯುತ್ತದೆ.

ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ 2010ರಲ್ಲಿ ಪ್ರಕಟಿಸಿದ ಸಾಲುಮರಗಳ ಅಧ್ಯಯನವು ಒಂದು ಮುಖ್ಯ ಬದಲಾವಣೆಯನ್ನು ಗುರುತಿಸಿತು. ಹಳೆಯ ಅಗಲ ರಸ್ತೆಗಳಲ್ಲಿ ದೊಡ್ಡ ಹಂದರದ, ದೀರ್ಘಾಯುಷ್ಯದ ಮರಗಳಿವೆ. ಈಚೆಗೆ ನೆಟ್ಟವು ಹೆಚ್ಚಾಗಿ ಕಿರಿದಾದ ಹಂದರದ, ಅಲ್ಪಾಯುಷಿ ಜಾತಿಗಳು. ರಸ್ತೆ ವಿಸ್ತರಣೆಗೆ ಮೊದಲು ಗುರಿಯಾಗುವುದು ಅಗಲ ರಸ್ತೆಗಳೇ ಆದ್ದರಿಂದ ದೊಡ್ಡ ಮರಗಳ ನಷ್ಟವೂ ಹೆಚ್ಚು. ಮರಗಳ ಒಟ್ಟು ಸಂಖ್ಯೆ ಹಾಗೇ ಉಳಿದರೂ ನೆರಳು ಕುಗ್ಗಬಹುದು ಎಂಬುದು ಇದರಿಂದ ತಿಳಿಯುತ್ತದೆ. ಸಂಖ್ಯೆಗಿಂತ ಹಂದರವನ್ನು ಅಳತೆಗೋಲಾಗಿ ಹಿಡಿಯಬೇಕೆಂಬ ವಾದಕ್ಕೆ ಇದೇ ತಳಹದಿ.

ಉಪಯೋಗ

ಸಾಲುಮರಗಳ ಪ್ರಯೋಜನವನ್ನು ಬೆಂಗಳೂರಿನ ಬೀದಿಗಳಲ್ಲೇ ಅಳೆಯಲಾಗಿದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಮರಗಳಿರುವ ಮತ್ತು ಇಲ್ಲದ ರಸ್ತೆ ಭಾಗಗಳನ್ನು ಹೋಲಿಸಿತು. ಮರಗಳಿದ್ದ ಕಡೆ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಂಬರಿನ ಮೇಲ್ಮೈ ಉಷ್ಣತೆ 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ಗಂಧಕದ ಡೈಆಕ್ಸೈಡ್ ಪ್ರಮಾಣ ಶೇ 65ರವರೆಗೆ ಇಳಿದಿತ್ತು. ಬೀದಿ ವ್ಯಾಪಾರಿಗಳು, ಪೌರಕಾರ್ಮಿಕರು, ಆಟೊ ಚಾಲಕರು, ನಡೆದು ಓಡಾಡುವವರು, ಬಸ್ಸಿಗೆ ಕಾಯುವವರಿಗೆ ಈ ನೆರಳೇ ಬಿಸಿಲಿನಿಂದ ಸಿಗುವ ಏಕಮಾತ್ರ ರಕ್ಷಣೆ. ಹವಾನಿಯಂತ್ರಿತ ಕಾರಿನಲ್ಲಿ ಹೋಗುವವರಿಗಿಂತ ಇವರಿಗೆ ಮರದ ಅಗತ್ಯ ಹೆಚ್ಚು. ನೀತಿ ರೂಪಿಸುವ ಸಭೆಗಳಲ್ಲಿ ಇವರ ದನಿ ಮಾತ್ರ ಅಪರೂಪ.

ಮಳೆನೀರನ್ನು ತಡೆದು ನಿಧಾನವಾಗಿ ಇಳಿಸುವುದು, ದೂಳು ಹಿಡಿಯುವುದು, ಹಕ್ಕಿ–ಬಾವಲಿ–ಜೇನುಗಳಿಗೆ ಆಸರೆಯಾಗುವುದು ಇತರ ಉಪಯೋಗಗಳು. ಹೊಂಗೆಯ ಬೀಜದಿಂದ ಎಣ್ಣೆ, ಬೇವಿನಿಂದ ಔಷಧಿ, ನುಗ್ಗೆ–ನೇರಳೆ–ಹುಣಸೆಗಳಿಂದ ಆಹಾರ ದೊರೆಯುತ್ತದೆ.

ಕಾನೂನು

ರಾಜ್ಯದ ಮುಖ್ಯ ಕಾನೂನು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976. ಇದು ನಗರ ಪ್ರದೇಶಗಳಿಗೆ ವೃಕ್ಷ ಪ್ರಾಧಿಕಾರವನ್ನೂ, ಅನುಮತಿ ನೀಡುವ ವೃಕ್ಷಾಧಿಕಾರಿಯನ್ನೂ ಸೃಷ್ಟಿಸಿತು. ಸ್ವಂತ ಹಿತ್ತಿಲಿನ ಮರವಾದರೂ ವೃಕ್ಷಾಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಮರ ಒಣಗಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಉರುಳಿದ್ದರೆ, ಜೀವ ಅಥವಾ ಆಸ್ತಿಗೆ ಅಪಾಯ ಒಡ್ಡಿದ್ದರೆ, ಸಂಚಾರಕ್ಕೆ ತಡೆಯಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲ. ಕಡಿದವರು ಬದಲಿ ಗಿಡ ನೆಡಬೇಕು. ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದವರು ಮೇಲ್ಮನವಿ ಸಲ್ಲಿಸಬಹುದು. ನೀಲಗಿರಿ, ಗಾಳಿಮರ, ತೆಂಗು, ಸುಬಾಬುಲ್, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ.

ಅಧಿನಿಯಮದ 8ನೆಯ ಪ್ರಕರಣಕ್ಕೆ ನಂತರ ಸೇರಿಸಿದ ಒಂದು ಅಂಶ ಜನರ ಪಾಲ್ಗೊಳ್ಳುವಿಕೆಯ ದೃಷ್ಟಿಯಿಂದ ಮುಖ್ಯವಾದದ್ದು. ಸಾರ್ವಜನಿಕ ಉದ್ದೇಶಕ್ಕಾಗಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷಾಧಿಕಾರಿ ಪ್ರಕಟಣೆ ಹೊರಡಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಐವತ್ತು ಎಂಬ ಈ ಗೆರೆಯೇ ಚರ್ಚೆಗೆ ಕಾರಣವಾಗಿದೆ. ಒಂದು ದೊಡ್ಡ ಕಾಮಗಾರಿಯನ್ನು ತುಂಡು ತುಂಡಾಗಿ ತೋರಿಸಿದರೆ ಪ್ರತಿ ತುಂಡೂ ಗೆರೆಯ ಕೆಳಗೇ ಉಳಿಯಬಹುದು ಎಂಬುದು ಪರಿಸರ ಕಾರ್ಯಕರ್ತರ ಆಕ್ಷೇಪ.

ಇದಲ್ಲದೆ ಲಾಲ್‌ಬಾಗ್, ಕಬ್ಬನ್ ಉದ್ಯಾನಗಳನ್ನು ಕಾಯುವ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಅಧಿನಿಯಮ ಮತ್ತು ಬಡಾವಣೆಗಳ ಉದ್ಯಾನ–ಆಟದ ಮೈದಾನಗಳಿಗೆ ಅನ್ವಯಿಸುವ 1985ರ ಅಧಿನಿಯಮ ಜಾರಿಯಲ್ಲಿವೆ.

ಕಾನೂನಿನ ದೊಡ್ಡ ಕೊರತೆ ಅದರ ಮೌನದಲ್ಲಿದೆ. ಪಾತಿಯ ಅಳತೆ, ಬೇರಿನ ವಲಯದಲ್ಲಿ ಅಗೆತದ ಮಿತಿ, ಸವರುವಿಕೆಯ ಕ್ರಮ, ನೆಟ್ಟ ಸಸಿ ಬದುಕಿದೆಯೇ ಎಂಬ ತಪಾಸಣೆ ಇವುಗಳ ಬಗ್ಗೆ ಖಚಿತ ಕಟ್ಟಳೆಗಳಿಲ್ಲ. ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ. ಅದೇ ಮರದ ಬುಡಕ್ಕೆ ಕಾಂಕ್ರೀಟು ಸುರಿದು ಹತ್ತು ವರ್ಷದಲ್ಲಿ ಸಾಯುವಂತೆ ಮಾಡಿದರೆ ಪ್ರಶ್ನಿಸುವವರಿಲ್ಲ.

ನ್ಯಾಯಾಲಯಗಳ ಪಾತ್ರ

ನೀತಿಯ ಹಲವು ಸುಧಾರಣೆಗಳು ಶಾಸನಸಭೆಗಿಂತ ಹೆಚ್ಚಾಗಿ ನ್ಯಾಯಾಲಯದಿಂದ ಬಂದಿವೆ. ರಸ್ತೆ ವಿಸ್ತರಣೆಗಾಗಿ ಮರ ಕಡಿಯುವುದನ್ನು ಪ್ರಶ್ನಿಸಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ವೃಕ್ಷ ಪ್ರಾಧಿಕಾರ ಸರಿಯಾಗಿ ಕೆಲಸ ಮಾಡಬೇಕು, ಅಧಿನಿಯಮ ವಿಧಿಸಿರುವ ಮರಗಣತಿ ನಡೆಯಬೇಕು ಎಂದು ಕೋರಿ ನಾಗರಿಕರೊಬ್ಬರೂ ಬೆಂಗಳೂರು ಎನ್ವಿರಾನ್‌ಮೆಂಟ್ ಟ್ರಸ್ಟ್ ಕೂಡ 2018ರಲ್ಲಿ ಇನ್ನೊಂದು ಅರ್ಜಿ ಸಲ್ಲಿಸಿದರು. ಈ ಪ್ರಕರಣದಲ್ಲಿ ಹೈಕೋರ್ಟು ಮರಗಣತಿಗೆ ನಿರ್ದೇಶನ ನೀಡಿತು. ವೃಕ್ಷಾಧಿಕಾರಿಗೆ ನೆರವಾಗಲು ತಜ್ಞರ ಸಮಿತಿ ಇರಬೇಕೆಂದಿತು. ಒಬ್ಬ ಅಧಿಕಾರಿಯ ಕಡತದೊಳಗೆ ಮುಗಿದುಹೋಗುತ್ತಿದ್ದ ತೀರ್ಮಾನ ಹೀಗೆ ತಜ್ಞರ ಪರಿಶೀಲನೆಗೆ ಒಳಪಟ್ಟಿತು.

ದೇಶದ ಮಟ್ಟದಲ್ಲಿ ಮೂರು ತೀರ್ಮಾನಗಳನ್ನು ಇಲ್ಲಿ ಹೇಳಬೇಕು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಅಂತರದಲ್ಲಿರುವ ಕಾಂಕ್ರೀಟನ್ನು ತೆಗೆಸುವಂತೆ ಆದೇಶಿಸಿತು. ಪಶ್ಚಿಮ ಬಂಗಾಳದ ಜೆಸ್ಸೋರ್ ರಸ್ತೆಯ ಮರಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ಸಮಿತಿ ಒಂದು ಮರದ ವಾರ್ಷಿಕ ಮೌಲ್ಯ 74,500 ರೂಪಾಯಿ ಎಂದು 2021ರಲ್ಲಿ ಲೆಕ್ಕಹಾಕಿತು. 2025ರ ಮಾರ್ಚ್‌ನಲ್ಲಿ ಮಥುರಾ–ವೃಂದಾವನ ಪ್ರದೇಶದಲ್ಲಿ ಅಕ್ರಮವಾಗಿ 454 ಮರ ಕಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮರವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡ ವಿಧಿಸಿತು.

ಮರಗಳ ನಾಶಕ್ಕೆ ಕಾರಣಗಳು

ರಸ್ತೆ ವಿಸ್ತರಣೆ, ಮೇಲ್ಸೇತುವೆ, ಮೆಟ್ರೊ ಮತ್ತು ಕಟ್ಟಡ ನಿರ್ಮಾಣ ಎದ್ದು ಕಾಣುವ ಕಾರಣಗಳು. ಕಣ್ಣಿಗೆ ಬೀಳದ ಕಾರಣಗಳು ನೆಲದೊಳಗಿವೆ. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಹರಡಿ ಹಂದರದ ಅಂಚನ್ನು ದಾಟಿ ಹೋಗುತ್ತವೆ. ಚರಂಡಿ, ನೀರಿನ ಕೊಳವೆ, ಕೇಬಲ್‌ಗಳಿಗಾಗಿ ಅಗೆಯುವಾಗ ಕತ್ತರಿಸಿಹೋಗುವುದು ಇವೇ. ಪಾದಚಾರಿ ಮಾರ್ಗಕ್ಕೆ ಬುಡದವರೆಗೂ ಕಲ್ಲು ಹಾಸಿದರೆ ಬೇರಿಗೆ ಗಾಳಿಯೂ ನೀರೂ ಸಿಗುವುದಿಲ್ಲ. ವಿದ್ಯುತ್ ತಂತಿಗಾಗಿ ಒಂದೇ ಬದಿಯ ಕೊಂಬೆ ಕಡಿದಾಗ ಮರದ ತೂಕ ಒಂದು ಕಡೆಗೆ ವಾಲುತ್ತದೆ. ಇಂಥ ಮರಗಳು ಏಪ್ರಿಲ್–ಮೇ ತಿಂಗಳ ಬಿರುಮಳೆಗೆ ಬುಡಸಮೇತ ಉರುಳುತ್ತವೆ. ಆಗ ವಾಹನಗಳು ಜಖಂಗೊಳ್ಳುವುದೂ ಕೆಲವೊಮ್ಮೆ ಜೀವಹಾನಿಯಾಗುವುದೂ ಉಂಟು. ಮರವೆಂದರೆ ಅಪಾಯ ಎಂಬ ಭಾವನೆ ಜನರಲ್ಲಿ ಮೂಡುವುದು ಇಲ್ಲಿಂದ. ತಪ್ಪು ಅಗೆತ ಮತ್ತು ತಪ್ಪು ಸವರುವಿಕೆಯದಾದರೂ ಹೊಣೆ ಮರದ ಮೇಲೆ ಬೀಳುತ್ತದೆ. ಜಾಹೀರಾತು ಫಲಕಗಳ ಮೊಳೆ, ಬುಡದಲ್ಲಿ ಕಸ ಸುಡುವುದು, ತೊಗಟೆ ಸುಲಿಯುವುದು, ಆಮ್ಲ ಸುರಿಯುವುದು ಉಳಿದ ಕಾರಣಗಳು.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಉಪಗ್ರಹ ಚಿತ್ರಗಳ ಆಧಾರದ ಮೇಲೆ ಈ ನಷ್ಟವನ್ನು ದಾಖಲಿಸಿದೆ. ನಗರದಲ್ಲಿ 14 ಲಕ್ಷ 78 ಸಾವಿರದಷ್ಟು ಮರಗಳಿವೆ, ಅಂದರೆ ಏಳು ಜನರಿಗೆ ಒಂದು ಮರ ಎಂಬುದು 2014ರ ಅವರ ಅಂದಾಜು.

ಜನಬೆಂಬಲದ ಇತಿಹಾಸ

2005ರ ಸುಮಾರಿಗೆ ವ್ಯಕ್ತಿಗಳು ಮತ್ತು ಸಂಘಟನೆಗಳು ಕೂಡಿ ‘ಹಸಿರು ಉಸಿರು’ ಎಂಬ ಜಾಲವನ್ನು ಕಟ್ಟಿಕೊಂಡವು. ಮೆಟ್ರೊ ಕಾಮಗಾರಿಗಾಗಿ ಮಹಾತ್ಮ ಗಾಂಧಿ ರಸ್ತೆಯ ಬುಲೆವಾರ್ಡ್, ಜಯನಗರದ ಲಕ್ಷ್ಮಣರಾವ್ ಬುಲೆವಾರ್ಡ್ ಮತ್ತು ಲಾಲ್‌ಬಾಗ್‌ನ ಅಂಚು ಹೋದಾಗ, 2009ರಲ್ಲಿ, ಈ ಜಾಲ ಬೀದಿಗಿಳಿಯಿತು. ಆ ಮರಗಳು ಉಳಿಯಲಿಲ್ಲ.

ಅತ್ಯಂತ ದೊಡ್ಡ ಚಳವಳಿ ನಡೆದದ್ದು 2016ರಲ್ಲಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟುವ 1,791 ಕೋಟಿ ರೂಪಾಯಿಯ ಯೋಜನೆಗೆ 812 ಮರಗಳು ಬಲಿಯಾಗಲಿದ್ದವು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಕೈಕೈ ಹಿಡಿದು ಮಾನವ ಸರಪಳಿ ಕಟ್ಟಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂದರು. ಹಸಿರು ನ್ಯಾಯಮಂಡಳಿ ತಡೆಯಾಜ್ಞೆ ನೀಡಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮರಗಳ ಪ್ರಶ್ನೆ ಸಾರಿಗೆ ನೀತಿಯ ಪ್ರಶ್ನೆಯೊಂದಿಗೆ ಕೂಡಿಕೊಂಡಾಗ ಬೆಂಬಲ ಹಲವು ಪಟ್ಟು ಹಿಗ್ಗಿದ್ದು ಈ ಚಳವಳಿಯ ಪಾಠ. ಬಸ್ಸು, ಸ್ಥಳೀಯ ರೈಲು ಬೇಕೆನ್ನುವವರೂ ಸಾರ್ವಜನಿಕ ಹಣದ ಲೆಕ್ಕ ಕೇಳುವವರೂ ಮರಪ್ರಿಯರೊಂದಿಗೆ ನಿಂತಿದ್ದರು.

2021ರಲ್ಲಿ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾಪವನ್ನು ಜನರು ಎದುರಿಸಿದರು. ಕಾಡು ಕಾಡಾಗಿಯೇ ಇರಲಿ, ಕಲ್ಲುಹಾಸಿನ ದಾರಿ ಬೇಡ ಎಂಬುದು ಅವರ ನಿಲುವು. 2023ರಲ್ಲಿ ಸ್ಯಾಂಕಿ ಕೆರೆ ರಸ್ತೆಯ ವಿಸ್ತರಣೆ, 2025ರಲ್ಲಿ ದಂಡು ರೈಲ್ವೆ ವಸಾಹತಿನ 368 ಮರಗಳು ಮತ್ತು ಸುರಂಗ ರಸ್ತೆಗಾಗಿ ಲಾಲ್‌ಬಾಗ್‌ನ ಜಾಗ ಬಳಸುವ ಪ್ರಸ್ತಾಪ ಇದೇ ರೀತಿಯ ವಿರೋಧ ಎದುರಿಸಿದವು. ಅದೇ ವರ್ಷ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ 40 ಮರಗಳನ್ನು ಕಡಿದಾಗ ಅಲ್ಲಿನ ನಾಗರಿಕರೂ ಬೀದಿಗಿಳಿದರು.

ಪ್ರತಿಭಟನೆಯಾಚೆಯ ಬೆಂಬಲ ಬೇರೆ ದಾರಿಯಲ್ಲಿ ಬೆಳೆದಿದೆ. ಲಾಲ್‌ಬಾಗ್, ಕಬ್ಬನ್ ಉದ್ಯಾನಗಳಲ್ಲಿ ನಡೆಯುವ ಮರ ಪರಿಚಯ ನಡಿಗೆಗಳು, 2014ರಲ್ಲಿ ಆರಂಭವಾದ ‘ನೆರಳು’ ಮರಹಬ್ಬ, ಮರಗಳಿಂದ ಮೊಳೆ ಕೀಳುವ ಸ್ವಯಂಸೇವಕರ ಕೆಲಸ ಇವು ಮರದ ಹೆಸರು ತಿಳಿದ ಜನರನ್ನು ಹೆಚ್ಚಿಸಿವೆ. ಹರಿಣಿ ನಾಗೇಂದ್ರ ಮತ್ತು ಸೀಮಾ ಮುಂಡೋಳಿ 2019ರಲ್ಲಿ ಭಾರತೀಯ ನಗರಗಳ ಮರಗಳ ಬಗ್ಗೆ ಬರೆದ ಪುಸ್ತಕವೂ ಈ ಸಾಲಿಗೆ ಸೇರುತ್ತದೆ. ನಗರದಾಚೆ, ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಮರಗಳು ರಾಜ್ಯದ ಜನಮನದಲ್ಲಿ ಸಾಲುಮರಕ್ಕೆ ತಂದ ಗೌರವವನ್ನು ಯಾವ ಕಾನೂನೂ ತಂದಿಲ್ಲ. 2019ರಲ್ಲಿ ರಸ್ತೆ ವಿಸ್ತರಣೆಯಿಂದ ಅವಕ್ಕೆ ಕುತ್ತು ಬಂದಾಗ ಬದಲಿ ದಾರಿ ಹುಡುಕುವುದಾಗಿ ಸರ್ಕಾರವೇ ಹೇಳಬೇಕಾಯಿತು. ತಿಮ್ಮಕ್ಕ ಪತಿ ಚಿಕ್ಕಯ್ಯನವರೊಂದಿಗೆ ಆ ಗಿಡಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದವರು. ಅವರಿಗೆ 2019ರಲ್ಲಿ ಪದ್ಮಶ್ರೀ ಸಂದಿತು. 2025ರ ನವೆಂಬರ್ 14ರಂದು ಅವರು ನಿಧನರಾದರು.

ಸುಧಾರಣೆಯ ಮಾದರಿಗಳು

ಬದಲಿ ನೆಡುವಿಕೆ ಇಂದು ಹೆಚ್ಚು ಬಳಕೆಯಲ್ಲಿರುವ ಪರಿಹಾರ. ದೊಡ್ಡ ಕಾಮಗಾರಿಗಳಲ್ಲಿ ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಡುವ ರೂಢಿ ಇದೆ. ನಗರದ ಹೊರವಲಯದಲ್ಲಿ ನೆಟ್ಟ ಸಸಿ ಕಡಿದ ಬೀದಿಗೆ ನೆರಳು ಕೊಡುವುದಿಲ್ಲ. ಎಪ್ಪತ್ತು ವರ್ಷದ ಮಳೆಮರದ ಹಂದರಕ್ಕೆ ಹತ್ತು ಸಸಿಗಳು ಹತ್ತಾರು ವರ್ಷಗಳಾದರೂ ಸಮನಾಗಲಾರವು. ಬುಡಸಮೇತ ಕಿತ್ತು ಬೇರೆಡೆ ನೆಡುವ ಸ್ಥಳಾಂತರ ಇನ್ನೊಂದು ಉಪಾಯ. ಅರಳಿ, ಆಲ, ಅತ್ತಿಯಂಥ ಜಾತಿಗಳು ಇದನ್ನು ತಾಳಿಕೊಳ್ಳುತ್ತವೆ. ತಾಯಿಬೇರಿನ ಮೇಲೆ ನಿಂತ ಹಲವು ಜಾತಿಗಳು ಸಾಯುತ್ತವೆ. ದೆಹಲಿಯ 2020ರ ಸ್ಥಳಾಂತರ ನೀತಿ ಕಾಮಗಾರಿಗೆ ಸಿಕ್ಕ ಮರಗಳಲ್ಲಿ ಶೇ 80ರಷ್ಟನ್ನು ಸ್ಥಳಾಂತರಿಸಬೇಕು, ಅವುಗಳಲ್ಲಿ ಶೇ 80 ಒಂದು ವರ್ಷದ ನಂತರವೂ ಬದುಕಿರಬೇಕು ಎಂದು ವಿಧಿಸಿತು. ಮಹಾರಾಷ್ಟ್ರ 1975ರ ತನ್ನ ಕಾನೂನನ್ನು 2021ರಲ್ಲಿ ತಿದ್ದಿ 50 ವರ್ಷ ದಾಟಿದ ಮರಗಳಿಗೆ ಪಾರಂಪರಿಕ ಸ್ಥಾನ ನೀಡಿತು.

ವಿದೇಶದ ಅನುಭವಗಳಲ್ಲಿ ಮೆಲ್ಬರ್ನ್ ನಗರದ್ದು ಬೆಂಗಳೂರಿಗೆ ಹತ್ತಿರವಾದದ್ದು. 2012ರಲ್ಲಿ ಆ ನಗರ ಸಾರ್ವಜನಿಕ ಜಾಗಗಳ ಹಂದರವನ್ನು ಶೇ 22ರಿಂದ 2040ರ ವೇಳೆಗೆ ಶೇ 40ಕ್ಕೆ ಏರಿಸುವ ಗುರಿ ಹಾಕಿಕೊಂಡಿತು. ಒಂದೇ ಜಾತಿಯ ಮರ ಶೇ 5ನ್ನು ಮೀರಬಾರದೆಂಬ ನಿಯಮ ಮಾಡಿಕೊಂಡಿತು. ಪ್ರತಿ ಮರಕ್ಕೂ ಗುರುತಿನ ಸಂಖ್ಯೆ ಮತ್ತು ಇಮೇಲ್ ವಿಳಾಸ ಕೊಟ್ಟಿತು. ದೂರು ಬರಲೆಂದು ಕೊಟ್ಟ ಆ ವಿಳಾಸಗಳಿಗೆ ಜನರು ಪ್ರೀತಿಯ ಪತ್ರಗಳನ್ನು ಬರೆದರು. ಸಿಂಗಪುರ 1963ರಿಂದ ಗಿಡ ನೆಡುವ ಕಾರ್ಯಕ್ರಮ ನಡೆಸುತ್ತಾ ಬಂದಿದ್ದು, 2001ರಲ್ಲಿ ಪಾರಂಪರಿಕ ಮರಗಳ ಯೋಜನೆ ತಂದಿತು. ಡಚ್ ತಜ್ಞ ಸೆಸಿಲ್ ಕೊನೆನ್‌ಡೈಕ್ 2021ರಲ್ಲಿ ಮಂಡಿಸಿದ 3–30–300 ಸೂತ್ರದಂತೆ ಪ್ರತಿ ಮನೆಯಿಂದ 3 ಮರ ಕಾಣಬೇಕು, ಪ್ರತಿ ಬಡಾವಣೆಯಲ್ಲಿ ಶೇ 30 ಹಂದರ ಇರಬೇಕು, 300 ಮೀಟರ್ ಒಳಗೆ ಉದ್ಯಾನ ಇರಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳು ಈ ಅಳತೆಗೆ ಸಮೀಪ ಬರಬಹುದು. ಹೊರವಲಯದ ಹೊಸ ಬಡಾವಣೆಗಳೂ ಇಕ್ಕಟ್ಟಾದ ಕೊಳೆಗೇರಿಗಳೂ ಬಹಳ ಹಿಂದಿವೆ.

ಭಾರತ ಸರ್ಕಾರ 2014ರಲ್ಲಿ ನಗರ ಹಸಿರೀಕರಣದ ಮಾರ್ಗಸೂಚಿಯನ್ನೂ 2020ರಲ್ಲಿ ನಗರವನ ಯೋಜನೆಯನ್ನೂ ಹೊರತಂದಿದೆ. ರಾಜ್ಯದ ಅರಣ್ಯ ಇಲಾಖೆ ಊರುಗಳ ಬಳಿ ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನಗಳನ್ನು ಮಾಡಿದೆ.

ಸದ್ಯದ ಸ್ಥಿತಿ

2007ರಿಂದ ಇಡೀ ನಗರದ ಹೊಣೆ ಹೊತ್ತಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಮರಗಳ ಕೆಲಸ ಅರಣ್ಯ ಘಟಕದ್ದಾಗಿತ್ತು. ಅರಣ್ಯ ಇಲಾಖೆಯಿಂದ ನಿಯೋಜನೆ ಮೇಲೆ ಬಂದ ಅಧಿಕಾರಿ ಇದರ ಮುಖ್ಯಸ್ಥರಾಗಿರುತ್ತಿದ್ದರು. ಗಿಡ ನೆಡುವುದು, ಉರುಳಿದ ಮರ ತೆರವುಗೊಳಿಸುವುದು, ಒಣಗಿದ ಕೊಂಬೆ ತೆಗೆಯುವುದು, ಕಡಿಯುವ ಅರ್ಜಿಗಳನ್ನು ಪರಿಶೀಲಿಸುವುದು ಎಲ್ಲವೂ ಕೆಲವೇ ಸಿಬ್ಬಂದಿಯ ಮೇಲೆ ಬಿದ್ದಿದ್ದವು. ರಸ್ತೆ ಅಗೆಯುವ ಜಲಮಂಡಳಿ, ಬೆಸ್ಕಾಂ, ಮೆಟ್ರೊ ನಿಗಮಗಳು ಈ ಘಟಕದ ಅಧೀನದಲ್ಲಿರಲಿಲ್ಲ. ಕಾಮಗಾರಿಯ ನಕ್ಷೆ ಸಿದ್ಧವಾದ ಮೇಲೆ ಮರಗಳ ಪ್ರಶ್ನೆ ಅರಣ್ಯ ಘಟಕದ ಮುಂದೆ ಬರುತ್ತಿತ್ತು. ಆ ಹಂತದಲ್ಲಿ ರಸ್ತೆಯ ಜಾಡು ಬದಲಿಸುವುದು ಬಹುತೇಕ ಅಸಾಧ್ಯವಾಗಿತ್ತು. ನಕ್ಷೆ ಬರೆಯುವ ಮೊದಲೇ ಮರಗಳ ಸಮೀಕ್ಷೆ ನಡೆಯಬೇಕೆಂಬುದು ತಜ್ಞರ ಮತ್ತು ನಾಗರಿಕ ಸಂಘಟನೆಗಳ ಒಮ್ಮತದ ಬೇಡಿಕೆ. ಇದೊಂದು ಬದಲಾದರೆ ಉಳಿಯುವ ಮರಗಳು ಯಾವ ದಂಡದಿಂದಲೂ ಉಳಿಯುವುದಕ್ಕಿಂತ ಹೆಚ್ಚು.

ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಜಾರಿಗೆ ಬಂದ ಮೇಲೆ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. 2025ರ ಸೆಪ್ಟೆಂಬರ್ 2ರಂದು ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ರಚನೆಯಾದವು. 1976ರ ಅಧಿನಿಯಮ ಈ ಐದೂ ಪಾಲಿಕೆಗಳಿಗೆ ಅನ್ವಯಿಸುತ್ತದೆ. ವೃಕ್ಷಾಧಿಕಾರಿ ಹೊರಡಿಸುವ ಪ್ರಕಟಣೆಗೆ ಸಾರ್ವಜನಿಕರು ಲಿಖಿತವಾಗಿ ಆಕ್ಷೇಪಣೆ ಸಲ್ಲಿಸುವ ಅವಕಾಶ ಹಿಂದಿನಂತೆಯೇ ಮುಂದುವರಿದಿದೆ.